ಆರನೇ ಗೇರು, ಮೂರು ಆರತಿ

ಕೇಳ್ರಪ್ಪಾ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಏರುಮಲೆ ಅಂತ ಒಂದು ರಾಜ್ಯ. ಅದಕ್ಕೆ ಜಂಬಯ್ಯ ಅಂತ ಒಬ್ಬ ದೊರೆ. ದೊರೆಗೆ ಆನೆ ಇತ್ತು, ಹತ್ತುತ್ತಿರಲಿಲ್ಲ. ಕುದುರೆ ಇತ್ತು, ಏರುತ್ತಿರಲಿಲ್ಲ. ಮೋಟಾರ್ ಬೈಕು ಅಂದರೆ ಮಾತ್ರ ಪ್ರಾಣ. ಆ ರಾಜ್ಯವೋ, ಬಾಗಿಲು ದಾಟಿದರೆ ಏರು, ಏರು ಮುಗಿದರೆ ತಿರುವು, ತಿರುವು ಮುಗಿದರೆ ಮತ್ತೆ ಏರು. ಸಮನೆಲ ಅಂತ ಇದ್ದದ್ದು ಅರಮನೆ ಮುಂದಿನ ಒಂದು ಮೈಲಿ ರಸ್ತೆ ಮಾತ್ರ. ದೊರೆ ದಿನಾ ಅಲ್ಲೇ ಡುರ್ ಅಂತ ಹೋಗೋದು, ಡುರ್ ಅಂತ ಬರೋದು.

ಅದೇ ರಾಜ್ಯದಲ್ಲಿ ಈರಕ್ಕ ಅಂತ ಒಬ್ಬಳಿದ್ದಳು. ಅರಮನೆಯ ಬೈಕು ಓಡಿಸೋದು ಅವಳ ಚಾಕರಿ. ದೊರೆಯನ್ನು ಕೂರಿಸಿಕೊಂಡಲ್ಲ, ಸೂಲಗಿತ್ತಿ ಕಾಳಜ್ಜಿಯನ್ನು ಕೂರಿಸಿಕೊಂಡು. ಯಾವ ಗುಡ್ಡದಲ್ಲಿ ಯಾವ ಬಸುರಿಗೆ ನೋವು ಬಂದರೂ ಈರಕ್ಕ ಕಿಕ್ ಹೊಡೆಯಬೇಕು. ಕಾಳಜ್ಜಿಯ ಕೈ ಗಟ್ಟಿ, ಮಂಡಿ ಮಾತ್ರ ಹೋಗಿತ್ತು. ನಾಲ್ಕು ಹೆಜ್ಜೆ ಇಟ್ಟರೆ ಐದನೇದಕ್ಕೆ ಕೂತೇಬಿಡುವಳು.

ಅರಮನೆಯ ಮೆಕ್ಯಾನಿಕ್ ಬಣ್ಣಯ್ಯ. ಅವನಿಗೆ ಕೈಗಿಂತ ಬಾಯಿ ಚುರುಕು. ಮಂತ್ರಿ ಆಗಬೇಕು ಅಂತ ಬಹಳ ದಿನದ ಆಸೆ. ಒಂದು ದಿನ ದೊರೆಯ ಕಿವಿಯ ಹತ್ತಿರ ಬಂದ.

“ಬುದ್ಧೀ, ಪಕ್ಕದ ರಾಜ್ಯದ ದೊರೆಯ ಬೈಕಿಗೂ ಐದು ಗೇರು, ತಮ್ಮದಕ್ಕೂ ಐದೇ ಗೇರು. ಹೀಗಾದರೆ ನಮ್ಮ ಮಾನ ಏನಾಗಬೇಕು? ನಾನು ಮೇಲೊಂದು ಆರನೇದು ಕೂರಿಸಿಕೊಡ್ತೀನಿ. ತಾವು ನನ್ನನ್ನ ಮಂತ್ರಿ ಮಾಡಿ.”

ದೊರೆ ಮೂವರನ್ನು ಕೇಳಿದ. ಮಂತ್ರಿಯನ್ನು ಕೇಳಿದ, “ತಮಗೆ ಬೇಕು ಅನ್ನಿಸಿದರೆ ಬೇಕು ಮಹಾಸ್ವಾಮಿ” ಅಂದ. ಸೇನಾಪತಿಯನ್ನು ಕೇಳಿದ, “ತಮ್ಮ ಮೀಸೆಗೆ ತಕ್ಕ ಗೇರು ಮಹಾಸ್ವಾಮಿ” ಅಂದ. ಕೊನೆಗೆ ಈರಕ್ಕನನ್ನು ಕೇಳಿದ.

“ನೂರು ಮೈಲಿ ನೇರ ರಸ್ತೆ ಇರೋರಿಗೆ ಅದು ಬೇಕು ಬುದ್ಧೀ. ಇಂಜಿನ್ನಿಗೂ ಆರಾಮ, ಪೆಟ್ರೋಲೂ ಉಳಿಯುತ್ತೆ. ನಾನು ದಿನವಿಡೀ ಒಂದು, ಎರಡರಲ್ಲೇ ಸಾಯೋಳು. ಐದನೇದು ಹಾಕಿ ಎಷ್ಟು ತಿಂಗಳಾಯ್ತೋ! ಆರನೇದು ಹಾಕೋಕೆ ನಮ್ಮಲ್ಲಿ ರಸ್ತೆ ಎಲ್ಲಿದೆ?”

ಸಭೆಗೆ ಸಭೆಯೇ ನಕ್ಕಿತು. ದೊರೆಯೂ ನಕ್ಕ. ನಿಜ ಹೇಳಿದವಳನ್ನು ನೋಡಿ ನಗೋದು ಆ ಅರಮನೆಯಲ್ಲಿ ಹಳೇ ರೂಢಿ.

ಬಣ್ಣಯ್ಯ ಎಂಟು ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದ. ಒಂಬತ್ತನೇ ದಿನ ದೊರೆ ಬೈಕು ಹತ್ತಿದ. ಸಮರಸ್ತೆಯಲ್ಲಿ ಬಿಟ್ಟ ನೋಡಿ! ಹ್ಯಾಂಡಲ್ಲಿನ ಹತ್ತಿರ ಗೇರು ತೋರಿಸೋ ಗಾಜಿನೊಳಗೆ ‘ಆರು’ ಅನ್ನೋ ಅಂಕಿ ಬಂತು. ಪೇಟ ಹಾರಿಹೋಯಿತು, ಮೀಸೆ ಕಿವಿಗೆ ಸುತ್ತಿಕೊಂಡಿತು. ಇಳಿದವನೇ ಅಪ್ಪಣೆ ಮಾಡಿದ: “ಬಣ್ಣಯ್ಯನೇ ಮಂತ್ರಿ! ಈರಕ್ಕನ ಬೈಕಿಗೂ ಇವತ್ತೇ ಆರನೇ ಗೇರು ಹಾಕಿ. ಬರೋ ಸೋಮವಾರ ರಾಜ್ಯದ ಉಳಿದ ನಲವತ್ತು ಬೈಕಿಗೂ ಆಗಲಿ!”

ಈರಕ್ಕನ ಬೈಕು ಗುರುವಾರ ಮಧ್ಯಾಹ್ನ ವಾಪಸು ಬಂತು. ಅದು ಕೈಗೆ ಬರೋದಕ್ಕೂ ಮೇಲುಕೇರಿಯಿಂದ ಕರೆ ಬರೋದಕ್ಕೂ ಸರಿಹೋಯಿತು. ಅವಳ ಒಡಹುಟ್ಟಿದ ತಂಗಿ ಹೊನ್ನಿಗೇ ನೋವು! ಚೊಚ್ಚಲು. ಕೂಸು ಅಡ್ಡ ತಿರುಗಿದೆಯಂತೆ. ಈರಕ್ಕ ಹಿಂದೆಮುಂದೆ ನೋಡಲಿಲ್ಲ, ಕಾಳಜ್ಜಿಯನ್ನು ಕೂರಿಸಿಕೊಂಡು ಹೊರಟಳು.

ಸಮರಸ್ತೆಯಲ್ಲಿ ಬೈಕು ಹೇಗೋ ಹೋಯಿತು. ಗುಡ್ಡದ ಮೊದಲ ತಿರುವಿನಲ್ಲಿ ನಿಧಾನ ಮಾಡಿದಳು, ಗಕ್ ಅಂತ ನಿಂತಿತು. ಮತ್ತೆ ಕಿಕ್ ಹೊಡೆದಳು, ಗಕ್ ಅಂತ ನಿಂತಿತು. ಮೂರನೇ ಸಲ ಹೊಡೆದು, ಒಂದನೇ ಗೇರಿಗೆ ಕಾಲು ಒತ್ತಿದಳು. ಕಾಲಿಗೆ ಏನೂ ಸಿಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ! ಗೇರು ಒಂದೊಂದಾಗಿ ಬದಲಿಸಿ ಗಾಜಿನೊಳಗೆ ನೋಡಿದಳು. ಎರಡು ಇದೆ, ಮೂರು ಇದೆ, ಆರರ ತನಕ ಇದೆ. ಒಂದು ಇಲ್ಲ!

ಈರಕ್ಕನಿಗೆ ಗುಟ್ಟು ತಿಳಿಯಿತು. ಆ ಗೇರು ಪೆಟ್ಟಿಗೆಯಲ್ಲಿ ಜಾಗ ಇದ್ದದ್ದು ಐದಕ್ಕೆ. ಮೇಲಿನದನ್ನು ತುರುಕೋಕೆ ಆ ಪಾಪಿ ಕೆಳಗಿನದನ್ನು ಕಿತ್ತಿದ್ದ. ಆರು ಎಲ್ಲರಿಗೂ ಕಂಡಿತ್ತು. ಒಂದರಿಂದ ಎಣಿಸಿದವರು ಒಬ್ಬರೂ ಇಲ್ಲ.

“ಅಯ್ಯೋ ನಮ್ಮವ್ವಾ! ಏರು ಹತ್ತೋ ಗೇರನ್ನೇ ಕಿತ್ತುಬಿಟ್ಟಿದ್ದಾನಲ್ಲಜ್ಜೀ!”

“ಬೈಯೋದು ಆಮೇಲೆ ಇರ್ಲಿ ಮಗಾ, ಅಲ್ಲಿ ಹುಡುಗಿ ಒದ್ದಾಡ್ತಾವಳೆ” ಅಂದಳು ಕಾಳಜ್ಜಿ.

ಈರಕ್ಕ ಬೈಕನ್ನು ಅಲ್ಲೇ ಬಿಟ್ಟಳು. ಸೆರಗು ಬಿಗಿದು ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡಳು. ಏದುಸಿರು ಬಿಡುತ್ತಾ ಎರಡು ಮೈಲಿ ಹತ್ತಿದಳು. ಮೇಲುಕೇರಿ ಮುಟ್ಟಿದಾಗ ಒಳಗೆ ಹೊನ್ನಿಯ ದನಿಯೇ ಅಡಗಿತ್ತು. ಅಜ್ಜಿ ಕೈ ತೊಳೆದು ಒಳಗೆ ಹೋದಳು. ಬಹಳ ಹೊತ್ತಾಯಿತು. ಕೊನೆಗೆ ಕೂಸು ಅತ್ತಿತು. ತಾಯಿಯೂ ಉಳಿದಳು, ಕೂಸೂ ಉಳಿಯಿತು. ಕಾಳಜ್ಜಿ ಹೊರಗೆ ಬಂದು, “ಇನ್ನೊಂದು ಎಲೆಅಡಿಕೆ ಹಾಕೋಷ್ಟು ತಡ ಆಗಿದ್ರೆ ಎರಡು ಗುಂಡಿ ತೋಡಬೇಕಿತ್ತು” ಅಂದಳು. ಈರಕ್ಕ ಜಗಲಿಯ ಮೇಲೆ ಕೂತು ಗೋಳೋ ಅಂತ ಅತ್ತುಬಿಟ್ಟಳು.

ಮರುದಿನ ಅರಮನೆಗೆ ಹೋಗಿ ಗಾಡಿ ಏರು ಹತ್ತಲಿಲ್ಲ, ಒಂದನೇ ಗೇರೇ ಇಲ್ಲ ಅಂತ ಹೇಳಿದಳು. ಬಣ್ಣಯ್ಯ ಒಂಚೂರೂ ಅಳುಕಲಿಲ್ಲ. “ಬುದ್ಧೀ, ಒಂದನೇದು ಒಳಗೇ ಅಡಗಿದೆ. ಪಳಗಿದ ಕಾಲಿಗೆ ಮಾತ್ರ ಸಿಗುತ್ತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂದ. ದೊರೆ ತಲೆಯಾಡಿಸಿದ. ಸೋಮವಾರಕ್ಕೆ ಇನ್ನು ಮೂರೇ ದಿನ. ನಲವತ್ತು ಬೈಕು, ನಲವತ್ತು ಗುಡ್ಡ, ಅಲ್ಲಿ ಇನ್ನೆಷ್ಟು ಹೊನ್ನಿಯರೋ! ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕು ಅಂದುಕೊಂಡು ಈರಕ್ಕ ಕೈ ಮುಗಿದಳು.

“ತಪ್ಪು ನನ್ನ ಕಾಲಿಂದೇ ಬುದ್ಧೀ. ಇಂಥ ಗುಣವಂತರಿಗೆ ಬರೀ ಪದವಿ ಸಾಕೇ? ತಮ್ಮ ಬೈಕನ್ನ ಅವರು ಓಡಿಸಲಿ, ತಾವು ಹಿಂದೆ ಕೂತ್ಕೊಳ್ಳಿ. ಮೇಲುಕೇರಿ ತನಕ ಮೆರವಣಿಗೆ ಮಾಡಿ ಅಲ್ಲಿ ಪೇಟ ಕಟ್ಟೋಣ.”

ಪೇಟ ಅಂದದ್ದೇ ತಡ, ಬಣ್ಣಯ್ಯ ಉಬ್ಬಿಹೋದ. ಸಮರಸ್ತೆಯಲ್ಲಿ ಜೋರಾಗಿ ಬಿಟ್ಟುಕೊಂಡು ಬಂದರೆ ಒಂದೇ ಉಸಿರಿಗೆ ಹತ್ತಿಬಿಡಬಹುದು, ಎಲ್ಲೂ ನಿಲ್ಲದಿದ್ದರೆ ಆಯಿತು ಅಂತ ಅವನ ಲೆಕ್ಕ. ಈರಕ್ಕನಿಗೂ ಆ ಲೆಕ್ಕ ಗೊತ್ತಿತ್ತು. ಅದಕ್ಕೇ ಮೂರು ತಿರುವಿಗೆ ಮೂರು ಮುತ್ತೈದೆಯರನ್ನು ಆರತಿ ತಟ್ಟೆ ಕೊಟ್ಟು ನಿಲ್ಲಿಸಿದ್ದಳು. ಆರತಿ ಎತ್ತಿದವರ ಮುಂದೆ ನಿಲ್ಲದೆ ಹೋಗೋರುಂಟೇ?

ಭಾನುವಾರ ಬೆಳಗ್ಗೆ ಮೆರವಣಿಗೆ ಹೊರಟಿತು. ಮೊದಲ ತಿರುವಿನಲ್ಲಿ ಆರತಿ. “ನಿಲ್ಲಿಸೋ, ಶುಭ!” ಅಂದ ದೊರೆ. ಬಣ್ಣಯ್ಯ ನಿಲ್ಲಿಸಿದ. ಹೊರಡುವಾಗ ಬೈಕು ಗೊರಗೊರ ಅಂತು. ಎರಡನೇ ತಿರುವಿನಲ್ಲಿ ಆರತಿ. ಹೊರಡುವಾಗ ಕ್ಲಚ್ಚು ಸುಟ್ಟು ಹೊಗೆ ಎದ್ದಿತು. ಮೂರನೇ ತಿರುವು, ಗೋಡೆಯಂಥ ಏರು, ಕೆಳಗೆ ಪ್ರಪಾತ. ಅಲ್ಲೂ ಆರತಿ. ಹೊರಡೋಕೆ ಹೋದ, ಗಕ್! ಗಾಬರಿಯಲ್ಲಿ ಕಾಲು ನೆಲಕ್ಕೆ ಊರಿದ, ಬ್ರೇಕು ತಪ್ಪಿತು. ಬೈಕು ಹಿಂದಕ್ಕೆ ಜಾರತೊಡಗಿತು. ಹೆಂಗಸರು ಕಿಟಾರನೆ ಕಿರುಚಿದರು. ದೊರೆ ಹಿಂದೆ ತಿರುಗಿ ಪ್ರಪಾತ ಕಂಡ.

“ಒಂದನೇದು ಹಾಕೋ, ಹಾಕೋ!”

“ಇಲ್ಲ ಬುದ್ಧೀ!”

“ಎಲ್ಲಿಟ್ಟಿದ್ದೀಯೋ?”

“ಕಿತ್ತು ಎಸೆದೆ ಬುದ್ಧೀ! ಆರನೇದಕ್ಕೆ ಜಾಗ ಇರಲಿಲ್ಲ! ಅಯ್ಯಯ್ಯೋ, ಸತ್ತೆ!”

ಈರಕ್ಕ ಕಾದೇ ನಿಂತಿದ್ದಳು. ತೊಡೆಗಾತ್ರದ ಕಟ್ಟಿಗೆ ದಿಮ್ಮಿಯನ್ನು ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟಳು. ಬೈಕು ಅಂಚಿಗೆ ಮೂರು ಗೇಣು ಇದೆ ಅನ್ನುವಾಗ ನಿಂತಿತು.

ದೊರೆ ಇಳಿದು ಆ ಪ್ರಪಾತವನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ ಅಪ್ಪಣೆ ಕೊಟ್ಟ: “ಬಣ್ಣಯ್ಯನ ಪದವಿ ಹೋಯಿತು. ನಲವತ್ತು ಬೈಕಿನ ಅಪ್ಪಣೆಯೂ ರದ್ದು. ಎರಡೂ ಬೈಕಿಗೆ ಒಂದನೇ ಗೇರು ಮತ್ತೆ ಕೂರಿಸಲಿ. ಕೂರಿಸೋ ತನಕ ಕಾಳಜ್ಜಿ ಕೂತ ಬೈಕನ್ನು ಪ್ರತಿ ಗುಡ್ಡಕ್ಕೂ ಇವನೇ ತಳ್ಳಲಿ!” ಬಣ್ಣಯ್ಯ ಎರಡು ತಿಂಗಳು ತಳ್ಳಿದ. ಅವನ ನಾಲಿಗೆ ಆಗ ಒಣಗಿದ್ದು ಮತ್ತೆ ಚುರುಕಾಗಲೇ ಇಲ್ಲ.

ದೊರೆ ಈರಕ್ಕನ ಕಡೆ ತಿರುಗಿದ. “ಅವತ್ತು ಗಾಡಿ ಹತ್ತಲಿಲ್ಲ ಅಂದೆಯಲ್ಲ ತಾಯೀ, ಕಾಳಜ್ಜಿಯನ್ನ ಮೇಲಕ್ಕೆ ಹೇಗೆ ಮುಟ್ಟಿಸಿದೆ?”

“ಬೆನ್ನ ಮೇಲೆ ಹೊತ್ತೆ ಬುದ್ಧೀ. ಒಂದನೇ ಗೇರು ನಾನೇ ಆದೆ.”

ದೊರೆಯ ತಲೆ ತಗ್ಗಿತು. ಅವತ್ತು ಅವನು ಗುಡ್ಡ ಇಳಿದದ್ದು ನಡೆದುಕೊಂಡೇ.

ಅದಕ್ಕೇ ಹೇಳೋದು ಮಕ್ಕಳೇ, ಮೇಲೊಂದು ಹೆಚ್ಚಿಗೆ ಬೇಕು ಅಂತ ಬುಡದ್ದನ್ನು ಕೀಳಬಾರದು. ಯಾರಾದರೂ ದೊಡ್ಡ ಅಂಕಿ ತೋರಿಸಿದರೆ, ಮೊದಲು ಒಂದರಿಂದ ಎಣಿಸಿ ನೋಡಬೇಕು. ಕಥೆ ಗುಡ್ಡ ಹತ್ತಿತು, ನೀವಿನ್ನು ಮೆಲ್ಲಗೆ ಮನೆಗೆ ಇಳೀರಿ.