ಬಲಕ್ಕೆ ಬೀಳಬೇಕಾದ ಹೂ

ಒಂದು ಅಳಿಲಿನ ತಾಯಿಗೆ ಕಾಯಿಲೆ ಜೋರಾಗಿತ್ತು. ತಾಯಿ ಬೇವಿನಮರದ ಪೊಟರೆಯಲ್ಲಿ ಮಲಗಿದ್ದರೆ, ಅಳಿಲು ಅದೇ ಮರದ ಬುಡದಲ್ಲಿದ್ದ ದೇವಿಯ ಕಲ್ಲಿನ ನೆತ್ತಿಗೆ ಕಣಗಿಲೆ ಹೂವಿಟ್ಟು ಪ್ರಸಾದ ಕೇಳುತ್ತಿತ್ತು. ಹೂ ಬಲಕ್ಕೆ ಬಿದ್ದರೆ ತಾಯಿ ಉಳಿಯುತ್ತಾಳೆ, ಎಡಕ್ಕೆ ಬಿದ್ದರೆ ಇಲ್ಲ ಎಂಬುದು ನಂಬಿಕೆ. ಹೂ ಮಾತ್ರ ಎತ್ತಲೂ ಬೀಳಲೊಲ್ಲದು. ಅಳಿಲು ನಿಂತಲ್ಲಿ ನಿಲ್ಲಲಾರದೆ ಕಲ್ಲನ್ನು ಸುತ್ತಿತು, ಬಾಲ ಬಡಿಯಿತು, "ಬಲಕ್ಕೆ ಕೊಡು ತಾಯೀ" ಎಂದು ಮತ್ತೆ ಮತ್ತೆ ಬೇಡಿತು.

ಅಷ್ಟರಲ್ಲಿ ಮೇಲಿನ ಪೊಟರೆಯಿಂದ ಇರುವೆಯೊಂದು ಓಡಿಬಂತು. "ಅಳಿಲಣ್ಣ, ನಿಮ್ಮಮ್ಮ ನಿನ್ನನ್ನೇ ಕೇಳುತ್ತಿದ್ದಾರೆ, ಬಾ."

"ಪ್ರಸಾದ ಆಗದೆ ಬಿಟ್ಟು ಬಂದರೆ ಕೇಡಲ್ಲವೇ, ಇರುವೆಯಕ್ಕ? ನಾನು ಇಲ್ಲಿರುವುದೂ ಅಮ್ಮನಿಗಾಗಿಯೇ."

"ಅದು ನನಗೆ ಗೊತ್ತು, ದೇವಿಗೂ ಗೊತ್ತು. ನಿಮ್ಮಮ್ಮನಿಗೆ ಯಾರು ಹೇಳಬೇಕು? ಬಾಗಿಲಲ್ಲಿ ನನ್ನ ನೆರಳು ಕಂಡರೂ 'ಮಗ ಬಂದನೇ' ಅನ್ನುತ್ತಾರೆ. ನನ್ನ ನೆರಳು ಎಷ್ಟು ದೊಡ್ಡದು ನೀನೇ ನೋಡು!"

ಅಳಿಲು ಹೂವನ್ನೊಮ್ಮೆ ನೋಡಿ, ಒಂದೇ ಉಸಿರಿಗೆ ಮರ ಹತ್ತಿತು. ತಾಯಿಯ ಕೈ ಹಿಡಿದು, ಅರ್ಧಕ್ಕೆ ಬಿಟ್ಟ ಪ್ರಾರ್ಥನೆಯನ್ನು ಅಲ್ಲಿಂದಲೇ ಮುಂದುವರಿಸಿತು.

ತಾಯಿ ಕಣ್ಣು ತೆರೆದಳು. "ಸ್ವಲ್ಪ ಗಟ್ಟಿಯಾಗಿ ಹೇಳು ಮಗಾ, ನನಗೂ ಕೇಳಲಿ."

ಸಂಜೆಯ ಗಾಳಿಗೆ ಹೂ ಬಿತ್ತು. ಯಾವ ಕಡೆಗೆಂದು ನೋಡಲು ಕಲ್ಲಿನ ಬಳಿ ಯಾರೂ ಇರಲಿಲ್ಲ.