ಸಿದರಾಯ ಅಟ್ಟೆ ಅಂಟಿಸಿದ್ದು

"ನೆಲ್ಲಿಕಟ್ಟಿಗೆ ದಾರಿ ಯಾವುದಪ್ಪಾ?"

ಕುರಿ ಕಾಯುವವನು ತಂಗೆವ್ವನನ್ನು ಮೇಲಿಂದ ಕೆಳಗೆ ನೋಡಿದ. "ಭಾಳ ತಪ್ಪಿ ಬಂದೀಯಬೇ. ಈ ಕಡೆ ಯಾರು ಹೇಳಿದ್ರು?"

"ಎಮ್ಮಿ ಹಿಂದ ಹೋಗ್ರಿ ಅಂದಿದ್ರು," ಎಂದ ಮಗ ಸಿದರಾಯ. "ಹೋದ್ವಿ. ಎಮ್ಮಿ ಕೆರಿಗೆ ಹೋತು."

ತಂಗೆವ್ವ ನಡೆಯುತ್ತಲೇ ಚಪ್ಪಲಿಯ ಪಟ್ಟಿ ಹೆಣೆಯುತ್ತಿದ್ದಳು, ದಾರಿ ನೋಡುವ ಕೆಲಸ ಮಗನಿಗೆ ಬಿಟ್ಟಿದ್ದಳು. ಯಾರಿಗೆ ಬಯ್ಯುವುದು? ಇವನು ಹುಟ್ಟಿದಾಗ ಅವಳಿಗೆ ಜ್ವರ ಬಂದು ಎದೆಹಾಲು ಬತ್ತಿತ್ತು. ನೆಲ್ಲಿಕಟ್ಟಿಯ ಚಂದ್ರವ್ವ ತನ್ನ ಹೆಣ್ಣುಕೂಸಿನ ಜೊತೆ ಇವನಿಗೂ ಹಾಲು ಕುಡಿಸಿದ್ದಳು. "ನಿನ್ನ ಮಗಳ ಲಗ್ನದ ದಿನ ಆಕೀ ಕಾಲಿಗೆ ನನ್ನ ಕೈಯಾರೆ ಚಪ್ಪಲಿ ಹಾಕ್ತೀನಿ" ಎಂದು ತಂಗೆವ್ವ ಮಾತು ಕೊಟ್ಟಿದ್ದಳು. ಆ ಲಗ್ನ ಇವತ್ತು. ಚಪ್ಪಲಿಗೆ ಇನ್ನೂ ಅಟ್ಟೆ ಅಂಟಿಸಿಲ್ಲ.

ಬೇವಿನ ಕೆಳಗೆ ಕೂತು ಅಂಟಿನ ಸಲ್ಯೂಷನ್ ಡಬ್ಬಿ ಅವನ ಕೈಗಿಟ್ಟಳು. "ಎರಡೂ ಕಡೆ ತೆಳ್ಳಗ ಹಚ್ಚು."

ಅವನು ಅಟ್ಟೆಯ ಮೇಲೂ ಹಚ್ಚಿದ, ಕೆಳಗೂ ಹಚ್ಚಿದ, ಕಲ್ಲಿನ ಮೇಲಿಟ್ಟ. ಅಟ್ಟೆ ಕಲ್ಲಿಗೆ ಕೂತಿತು.

"ಕಲ್ಲಿಗೆ ಚಪ್ಪಲಿ ಹೊಲಿತೀಯೇನೋ? ಒಂದಕ್ಕೊಂದು ಕೂಡೋ ಮುಖಕ್ಕ ಹಚ್ಚಬೇಕು. ಹಚ್ಚಿ ಕಾಯಬೇಕು. ಮುಟ್ಟಿದ್ರ ಬೆರಳಿಗೆ ಅಂಟಬಾರದು."

ಕಲ್ಲಿನಿಂದ ಕೆತ್ತಿ ತೆಗೆದು ಮತ್ತೆ ಕೊಟ್ಟಳು. ಅವನು ಹಚ್ಚಿದ. ಬೆರಳನ್ನು ಮಣ್ಣಿನಲ್ಲಿ ಅದ್ದಿ ಅದ್ದಿ ಮುಟ್ಟಿದ.

"ಯವ್ವಾ, ಒಂದೀಟೂ ಅಂಟವಲ್ದು."

ತಂಗೆವ್ವ ನೋಡಿದರೆ ಅಟ್ಟೆಯ ತುಂಬ ಮಣ್ಣು. "ಚಂದ್ರವ್ವನ ಹಾಲು ದಂಡ ಆತಲ್ಲೋ. ಧೂಳು ಬಿದ್ರ ಹಿಡಿತೈತೇನು? ಒಣಗಿದ ಮ್ಯಾಲ ನಡುವ ಕಾಗದ ಇಡು, ಆಮ್ಯಾಲ ಕೂಡಸು."

ಒರೆಸಿದಳು, ಉಜ್ಜಿದಳು, ತಾನೇ ಹಚ್ಚಿದಳು. ಅವನು ಒಣಗಿದ ಮೇಲೆ ಕಾಗದ ಇಟ್ಟ, ಕೂಡಿಸಿದ, ಸುತ್ತಿಗೆಯಿಂದ ಬಡಿದ.

"ಕಾಗದ ಎಲ್ಲೋ?"

"ಒಳಗೈತಿ. ಧೂಳು ಹೋಗಾಕ ದಾರೀನ ಇಲ್ಲ."

ತಂಗೆವ್ವ ಹಣೆ ಹಣೆ ಬಡಿದುಕೊಂಡಳು. "ಎರಡು ಮುಖ ಎದುರಾಬದುರು ತಯಾರಾದ ಮ್ಯಾಲ ನಡುವಿಂದು ಸರಕ್ಕನೆ ಎಳಿಬೇಕು. ತಡಾ ಮಾಡಿದ್ರ ಜನ್ಮಕ್ಕೂ ಹತ್ತೂದಿಲ್ಲ. ಸೀದಾ ಕೂಡಸಬೇಕು, ಸುತ್ತಿಗೀಲೆ ಒಂದ ಬಡಿಬೇಕು. ತಿಳೀತಾ?"

"ತಿಳೀತು."

ಅವಳೇ ಬಿಡಿಸಿ, ಅವಳೇ ಅಂಟಿಸಿ, ಕುರಿಯವನು ತೋರಿಸಿದ ದಾರಿ ಹಿಡಿದು ಓಡೋಡಿ ನೆಲ್ಲಿಕಟ್ಟಿ ಮುಟ್ಟಿದಳು.

ಹಂದರದಲ್ಲಿ ವಧೂವರರು ಎದುರುಬದುರು ನಿಂತಿದ್ದರು. ಇಬ್ಬರ ಮುಖಕ್ಕೂ ಅರಿಶಿನ, ನಡುವೆ ಅಂತರಪಟ. ಪಟದ ಒಂದು ತುದಿ ಹಿಡಿದ ವರನ ಕಾಕಾ ಬಿಡಲೊಲ್ಲ. "ಬೈಕಿನ ಕೀಲಿ ಬರಲಿ. ಅಲ್ಲೀತನಕ ಪಟ ಇಳಿಯೂದಿಲ್ಲ." ಚಂದ್ರವ್ವ ಕೈಮುಗಿದು ನಿಂತಿದ್ದಳು. ಹೊತ್ತು ಮೀರುತ್ತಿತ್ತು. ಮಂದಿ ಅಕ್ಕಿಕಾಳು ಹಿಡಿದುಕೊಂಡೇ ಬೆವರುತ್ತಿದ್ದರು.

ಸಿದರಾಯ ನೋಡಿದ. ಎರಡು ಮುಖ, ಎರಡಕ್ಕೂ ಹಚ್ಚಿದ್ದಾರೆ, ಒಣಗಿದೆ. ಇವರು ತಡ ಮಾಡುತ್ತಿದ್ದಾರೆ.

ಪಟ ಸರಕ್ಕನೆ ಎಳೆದ. ಎರಡೂ ತಲೆ ಹಿಡಿದು ಸೀದಾ ಕೂಡಿಸಿದ. ಟಣ್ ಎಂದಿತು. ಪಟ ಬಿದ್ದದ್ದು ಕಂಡು ಬಾಜಾದವರು ಬಾರಿಸಿದರು, ಮಂದಿ ಅಕ್ಕಿಕಾಳು ಒಗೆದರು.

"ನಿಂದರ್ಸ್ರಿ, ಕೀಲಿ ಇನ್ನೂ..." ಎಂದು ಕಾಕಾ ಮುನ್ನುಗ್ಗಿದ.

ಸಿದರಾಯ ಅವ್ವನ ಚೀಲದಿಂದ ಸುತ್ತಿಗೆ ತೆಗೆದು ಎತ್ತಿ ಹಿಡಿದಿದ್ದ. "ಯವ್ವಾ, ಯಾರ ತಲೀ ಮ್ಯಾಲ ಬಡೀಲಿ?"

ಕಾಕಾ ಎರಡು ಹೆಜ್ಜೆ ಹಿಂದೆ ಸರಿದ. "ಬೈಕಿಂದೇನು, ಆಮ್ಯಾಲ ನೋಡೂಣಂತ."

ಮಗನಿಗೆ ಅವನು ಹುಟ್ಟಿದಾಗಿನಿಂದ ಬಯ್ಯುತ್ತಿದ್ದ ತಂಗೆವ್ವ ಅಂದು ಬಯ್ಯಲಿಲ್ಲ. "ಗಡಿಬಿಡಿ ಮಾಡಬ್ಯಾಡಪ್ಪಾ. ನಾ ಹೇಳೂತನಕ ಹಂಗ ಎತ್ತಿ ಹಿಡಕೊಂಡ ನಿಂದ್ರು," ಎಂದಳು. ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಾಲು ತೊಡೆಯ ಮೇಲಿಟ್ಟುಕೊಂಡು, ಸಾವಕಾಶವಾಗಿ ಚಪ್ಪಲಿ ತೊಡಿಸಿದಳು.