ಪಟ್ಟಿ ಕಟ್ಟಿದ ಮಂಡಿ

"ಗುರುಗಳೇ, ಬಾಯಿಬಿಟ್ಟು ಹೇಳದ ಭಯದಿಂದ ಯಾರಿಗಾದರೂ ಕೇಡಾಗುತ್ತದೆಯೇ?"

ಶಿಷ್ಯ ಇದನ್ನು ಕೇಳಿದ್ದು ಮಠದ ಮುಂದಿನ ಕಲ್ಲುಕಟ್ಟೆಯ ಮೇಲೆ. ಗುರು ಕಟ್ಟೆಯ ಅಂಚಿಗೆ ಕುಳಿತಿದ್ದರು. ಶಿಷ್ಯ ಒಂದು ಗೇಣು ಹಿಂದಕ್ಕೆ ಸರಿದು, ಅವರ ಬೆನ್ನ ಹಿಂದಿನ ಕಲ್ಲಿಗೆ ಅಂಗೈ ಊರಿ ಕುಳಿತಿದ್ದ.

ಕೇಳುವುದಕ್ಕೆ ಕಾರಣವಿತ್ತು. ಹಿಂದಿನ ವಾರ ಗುರುಗಳು ಬಾವಿಯ ಬಳಿ ಕಣ್ಣು ಕತ್ತಲಿಟ್ಟು ಕುಸಿದಿದ್ದರು. ಕಂಡವನು ಶಿಷ್ಯನೊಬ್ಬನೇ. ಯಾರಿಗೂ ಹೇಳಬೇಡ ಎಂದು ಅವರು ಹೇಳಿದ್ದರು. ಎರಡು ಕೇರಿಗಳ ನೀರಿನ ಜಗಳ ಅವರ ಮುಂದಿತ್ತು. ಈ ಸಂಜೆಯೇ ತೀರ್ಪು. ಗುರುಗಳ ದೇಹ ಸೋತಿದೆ ಎಂದು ಗೊತ್ತಾದರೆ, ಸೋಲುವ ಕಡೆಯವರು 'ಇನ್ನು ಸ್ವಲ್ಪ ದಿನ ತಡೆಯೋಣ, ಆಮೇಲೆ ಇವರ ಮಾತು ಎಲ್ಲಿರುತ್ತದೆ' ಎಂದು ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದವರು ದೊಣ್ಣೆ ಹಿಡಿದು ಕಾಲುವೆಯ ಹತ್ತಿರ ನಿಲ್ಲುತ್ತಾರೆ.

"ನೀನು ಯಾರಿಗಾದರೂ ಹೇಳಿದೆಯಾ?" ಎಂದರು ಗುರು.

"ಇಲ್ಲ. ಹೆತ್ತ ತಾಯಿಗೂ ಹೇಳಿಲ್ಲ. ಎದೆಯೊಳಗೆ ಮಾತ್ರ ಹೆದರಿಕೆ ಗೂಡು ಕಟ್ಟಿದೆ. ಇರಲಿ ಬಿಡಿ, ಒಳಗಿದ್ದರೆ ಯಾರಿಗೇನು ನಷ್ಟ?"

ಗುರು ಮಠಕ್ಕೆ ಬರುವ ಮೊದಲು ಬಹುಕಾಲ ವ್ಯಾಪಾರ ಮಾಡಿದವರು. ನಷ್ಟ ಎಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರುತ್ತಿರಲಿಲ್ಲ. ಅವರು ಒಂದು ಕತೆ ಹೇಳಿದರು.

ಒಂದು ಊರಿತ್ತು. ಆ ಊರಿಗೆ ಫುಟ್‌ಬಾಲಿನ ಹುಚ್ಚು. ಊರಿಗೆ ಒಂದು ಕ್ಲಬ್ಬು, ಕ್ಲಬ್ಬಿಗೆ ಒಂದು ಮೈದಾನ, ಮೈದಾನದ ಬದಿಗೆ ಜನ ಕೂರಲು ಕಲ್ಲಿನ ಮೆಟ್ಟಿಲು. ಮೈದಾನದ ಎದುರಿಗೆ ಒಬ್ಬ ವ್ಯಾಪಾರಿಯ ಬೂಟಿನ ಅಂಗಡಿ. ಸಂಜೆಯಾದರೆ ಆಟದ ಹುಚ್ಚಿನವರೆಲ್ಲ ಅವನ ಬೆಂಚಿನ ಮೇಲೆ ಸೇರುತ್ತಿದ್ದರು. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಅಲ್ಲಿ ತೀರ್ಮಾನವಾಗುತ್ತಿತ್ತು. ಕ್ಲಬ್ಬಿನವರು ಅದನ್ನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ಒಂದು ವರ್ಷ ಕ್ಲಬ್ಬಿನ ಗತಿ ಕೆಟ್ಟಿತ್ತು. ಸೋತರೆ ಕೆಳಗಿನ ದರ್ಜೆಗೆ ಬೀಳಬೇಕು. ಆಗ ಕ್ಲಬ್ಬಿನವರು ಒಬ್ಬ ಸ್ಟ್ರೈಕರನನ್ನು ಕರೆತಂದರು. ಒಂದು ಕಾಲದಲ್ಲಿ ಹೆಸರಾದವನು. ಈಗ ಕೆನ್ನೆಗೂದಲಿಗೆ ನರೆ. ಅವನ ಬಲ ಮಂಡಿಯನ್ನು ಡಾಕ್ಟರು ಕೊಯ್ದು ಹೊಲಿದ ಸುದ್ದಿ ಎಲ್ಲ ಊರುಗಳಿಗೂ ಗೊತ್ತಿತ್ತು. ಅವನು ಬಸ್ಸಿನಿಂದ ಇಳಿದಾಗಲೂ ಬಲ ಮಂಡಿಗೆ ಬಿಳಿ ಪಟ್ಟಿ ಕಟ್ಟಿತ್ತು.

ಅಂದು ಬೂಟಿನ ಅಂಗಡಿಯಲ್ಲಿ ಬೆಂಚು ಸಾಲಲಿಲ್ಲ.

"ನಮ್ಮ ಕ್ಲಬ್ಬಿಗೂ ಗುಜರಿ ಅಂಗಡಿಗೂ ಇನ್ನೇನು ವ್ಯತ್ಯಾಸ ಉಳೀತು ಹೇಳಿ" ಎಂದ ಹೋಟೆಲಿನವನು.

"ಗೋಲು ಹೊಡೆಯೋದು ತಲೆಯಿಂದ ಕಣಯ್ಯಾ. ಅವನ ತಲೆ ಇನ್ನೂ ಸರಿ ಇದೆ" ಎಂದರು ಮೇಷ್ಟ್ರು.

"ತಲೆ ಏನು ತಾನಾಗಿ ಉರುಳ್ಕೊಂಡು ಗೋಲಿನ ಹತ್ರ ಹೋಗುತ್ತಾ ಮೇಷ್ಟ್ರೇ? ಮಂಡಿನೇ ಹೊತ್ಕೊಂಡು ಹೋಗಬೇಕು."

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. "ಹಳೇ ಮಾಲು ತಗೋಬಾರದು ಅಂತ ನಾನು ಹೇಳಲ್ಲ" ಎಂದ. "ತಿರುಗಿಸಿ ನೋಡಿ ತಗೋಬೇಕು. ಇವನ ಬಲ ಮಂಡಿ ಮುಗಿದಿದೆ. ನವರಾತ್ರಿವರೆಗೂ ಆಡಲ್ಲ, ಬರೆದಿಟ್ಕೊಳ್ಳಿ."

ಮರುದಿನ ಮಧ್ಯಾಹ್ನ ಆ ಆಟಗಾರನೇ ಅಂಗಡಿಗೆ ಬಂದ. ಬೂಟುಗಳನ್ನು ಮುಂದಿಟ್ಟು, ಅಡಿಯಲ್ಲಿ ನೆಲ ಕಚ್ಚುವ ಗುಬ್ಬಿಗಳು ಸವೆದಿವೆ, ಹೊಸದು ಹಾಕಿಕೊಡಿ ಎಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ವ್ಯಾಪಾರಿ ಬೂಟುಗಳನ್ನು ತಿರುಗಿಸಿದ. ಬಲ ಬೂಟಿನ ಗುಬ್ಬಿಗಳು ಬುಡದವರೆಗೆ ಸವೆದಿದ್ದವು. ಎಡ ಬೂಟಿನವು ನೆಲವನ್ನೇ ಕಂಡಿಲ್ಲವೇನೋ ಎಂಬಂತಿದ್ದವು. ವ್ಯಾಪಾರಿ ಇನ್ನೊಮ್ಮೆ ತಿರುಗಿಸಿದ. ನೋಯುವ ಕಾಲಿನ ಮೇಲೆ ಯಾರೂ ಭಾರ ಹಾಕುವುದಿಲ್ಲ. ಪಟ್ಟಿ ಇದ್ದದ್ದು ಬಲ ಮಂಡಿಗೆ. ನೋವಿದ್ದದ್ದು ಎಡ ಮಂಡಿಯಲ್ಲಿ.

ಅವನು ತಲೆಯೆತ್ತಿದ. ಆಟಗಾರ ಅವನ ಮುಖವನ್ನೇ ನೋಡುತ್ತಿದ್ದ.

"ನೋಡಿಬಿಟ್ರಿ."

"ಹೌದು. ಮತ್ತೆ ಬಲಗಾಲಿಗೆ ಯಾಕೆ ಪಟ್ಟಿ?"

"ಅದು ವಾಸಿಯಾಗಿ ಬಹಳ ಕಾಲ ಆಯ್ತು. ಎದುರಾಳಿಗೆ ಒದೆಯೋಕೆ ಒಂದು ಮಂಡಿ ಬೇಕಲ್ಲ ಸಾವುಕಾರ್ರೇ. ಗಟ್ಟಿ ಇರೋದನ್ನೇ ತೋರಿಸ್ತೀನಿ."

"ಎಡದ್ದು?"

"ಅದರ ಮೇಲೆ ಒಬ್ಬ ಸರಿಯಾಗಿ ಬಿದ್ದರೆ ಆಟ ಇರಲಿ, ನಡಿಗೇನೂ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ಈ ಸೀಸನ್ ಒಂದೇ. ಆಮೇಲೆ ಬೂಟು ಗೂಟಕ್ಕೆ ನೇತು ಹಾಕ್ತೀನಿ. ಅಲ್ಲೀವರೆಗೂ ಈ ಮಾತು ನಿಮ್ಮ ಅಂಗಡಿ ಹೊಸ್ತಿಲು ದಾಟಬಾರದು."

ವ್ಯಾಪಾರಿಗೆ ಆ ಯುಕ್ತಿ ಮೆಚ್ಚುಗೆಯಾಯಿತು. ಸರಕು ಜೋಡಿಸುವುದನ್ನು ಬಲ್ಲವನು ಅವನು. ಕಣ್ಣಿಗೆ ಏನನ್ನು ಮುಂದಿಡಬೇಕು, ಏನನ್ನು ಹಿಂದೆ ಸರಿಸಬೇಕು ಎಂಬುದೇ ಅವನ ಅನ್ನ. ಮಾತು ಕೊಟ್ಟ. ಕೊಟ್ಟದ್ದಕ್ಕೆ ಇನ್ನಷ್ಟು ಸೇರಿಸಿದ. ಹೊಸ ಗುಬ್ಬಿ ಹಾಕಿದ ಮೇಲೆ, ಪ್ರತಿ ವಾರವೂ ಬೂಟು ತರಿಸಿಕೊಂಡು, ಎಡಗಾಲಿನ ಗುಬ್ಬಿಗಳನ್ನು ಅರದಿಂದ ಉಜ್ಜಿ ಬಲಗಾಲಿಗೆ ಸಮ ಮಾಡಿ ಕಳಿಸುತ್ತಿದ್ದ. ಇನ್ನೊಬ್ಬ ಬೂಟು ತಿರುಗಿಸಿ ನೋಡಿದರೂ ಏನೂ ತಿಳಿಯಬಾರದು.

ಅವನಿಗೆ ಭಯ ಹತ್ತಿಕೊಂಡದ್ದು ಅಲ್ಲಿಂದ.

ಮೊದಲು ಹೆದರಿದ್ದು ತನ್ನ ನಾಲಿಗೆಗೆ. ಅಂಗಡಿಯ ಬೆಂಚಿನ ಮೇಲೆ ಚರ್ಚೆ ನಿತ್ಯವೂ ನಡೆಯುತ್ತಿತ್ತು. ಬಲ ಮಂಡಿ ಹೋಯಿತು, ಬಲ ಮಂಡಿ ಮುಗಿಯಿತು ಎಂದು ಹೋಟೆಲಿನವನು ಕೂಗುತ್ತಿದ್ದ. ವ್ಯಾಪಾರಿ ಸುಮ್ಮನೆ ಕೂರಲಾರದೆ ಒಮ್ಮೆ, "ಅವನು ಆಡ್ತಾನೆ ಬಿಡ್ರಿ" ಎಂದುಬಿಟ್ಟ.

"ಅಲ್ಲಾ ಸಾವುಕಾರ್ರೇ, ಮುಗಿದಿದೆ ಅಂದೋರು ನೀವೇ. ನಿಮ್ಮ ಅಂಗಡಿ ಬೂಟು ಹಾಕ್ಕೊಂಡ ತಕ್ಷಣ ಮಂಡಿಗೆ ಜೀವ ಬಂತಾ?" ಎಂದ ಹೋಟೆಲಿನವನು. ಬೆಂಚು ಪೂರ್ತಿ ನಕ್ಕಿತು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಮಾತು ಆಡಿದ್ದರೆ ಹೋಟೆಲಿನವನ ಬಾಯಿ ಜನ್ಮಕ್ಕೆ ಮುಚ್ಚುತ್ತಿತ್ತು. ವ್ಯಾಪಾರಿ ಅದನ್ನು ನುಂಗಿದ. ನುಂಗಿ ಒಳಗೆ ಹೋಗಿ ಬೆವರು ಒರೆಸಿಕೊಂಡ. ಇವತ್ತು ನುಂಗಿದೆ, ನಾಳೆ ನುಂಗಲಾರೆ ಎಂದು ಅವನಿಗೆ ಅನ್ನಿಸಿತು. ಮಾತಾಡುವುದೇ ಕಸುಬಾದವನ ಬಾಯಿ ಅದು. ಅದಕ್ಕೆ ಬೀಗ ಹುಡುಕಿದ. ಅಂದಿನಿಂದ ಚರ್ಚೆ ಶುರುವಾದ ಕೂಡಲೇ ಎರಡು ಕವಳ ಸೇರಿಸಿ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಮೈದಾನಕ್ಕೂ ಎಲೆಅಡಿಕೆಯ ಡಬ್ಬಿ ಹಿಡಿದೇ ಹೋಗುತ್ತಿದ್ದ. ಯಾರು ಏನು ಕೇಳಿದರೂ ಹೂಂ, ಉಹೂಂ. ಅಷ್ಟೇ.

ಆಟಗಾರ ಆಡಿದ. ಚೆನ್ನಾಗಿಯೇ ಆಡಿದ. ಓಡುವುದು ಕಡಿಮೆ, ನಿಲ್ಲುವ ಜಾಗ ಮಾತ್ರ ಸರಿಯಾದದ್ದು. ಚೆಂಡು ಬಂದಾಗ ಹಾರಿ ತಲೆಯೊಡ್ಡುತ್ತಿದ್ದ. ಎದುರಾಳಿಗಳು ಬಿಳಿ ಪಟ್ಟಿಯನ್ನೇ ಹುಡುಕಿ ಹುಡುಕಿ ಒದೆಯುತ್ತಿದ್ದರು. ಅವನು ಬೀಳುತ್ತಿದ್ದ, ಮುಖ ಕಿವುಚುತ್ತಿದ್ದ, ಕುಂಟುತ್ತಿದ್ದ, ಮತ್ತೆ ಎದ್ದು ಗೋಲು ಹೊಡೆಯುತ್ತಿದ್ದ. ಊರಿನವರಿಗೆ ಒಂದು ಅಭ್ಯಾಸ ಹತ್ತಿತು. ಅವನು ಮೇಲಕ್ಕೆ ಹಾರಿದರೆ ಸಾಕು, ಮೆಟ್ಟಿಲ ಮೇಲೆ ಕುಳಿತವರೆಲ್ಲ ಉಸಿರು ಬಿಗಿಹಿಡಿದು ತಮ್ಮ ತಮ್ಮ ಬಲ ಮಂಡಿಯನ್ನು ಅವುಚಿಕೊಳ್ಳುವರು. ಅವನು ನೆಲ ಮುಟ್ಟಿ ನಿಂತ ಮೇಲೆ ಕೈ ತೆಗೆಯುವರು. ಮೊದಲು ಬೈದ ಹೋಟೆಲಿನವನೂ ಹಾಗೆ ಮಾಡತೊಡಗಿದ.

ವ್ಯಾಪಾರಿಗೆ ಚೆಂಡು ಕಾಣುವುದು ನಿಂತುಹೋಯಿತು. ಉಳಿದವರು ಆಟಗಾರನಿಗೆ ಏಟು ಬಿದ್ದಾಗ ಹೆದರಿದರೆ ಇವನು ಏಟು ಬೀಳದಿದ್ದಾಗ ಹೆದರುತ್ತಿದ್ದ. ಸುಮ್ಮನೆ ತಿರುಗಿದರೆ ಹೆದರಿಕೆ. ಹಾರಿ ಇಳಿದರೆ ಹೆದರಿಕೆ. ಎಡಗಡೆಯಿಂದ ಯಾರಾದರೂ ಓಡಿ ಬಂದರಂತೂ ಹೇಳುವುದೇ ಬೇಡ. ಗೋಲುಗಳು ಹೆಚ್ಚಿದಂತೆ ಹೆದರಿಕೆಯೂ ಹೆಚ್ಚಿತು, ಏಕೆಂದರೆ ಈಗ ಎಲ್ಲ ಊರುಗಳೂ ಆ ಆಟಗಾರನನ್ನು ತಡೆಯುವ ದಾರಿ ಹುಡುಕುತ್ತಿದ್ದವು. ಒಂದು ಆಟಕ್ಕೆ ಹೋಗದೆ ಅಂಗಡಿಯಲ್ಲೇ ಕುಳಿತ. ಮೈದಾನದಿಂದ 'ಓ' ಎಂಬ ಸದ್ದು ಬಂದಾಗಲೆಲ್ಲ ಅದು ಗೋಲಿನದೋ, ಅವನು ಬಿದ್ದದ್ದೋ ತಿಳಿಯದೆ ಒದ್ದಾಡಿದ. ಕಾಣದ ಭಯಕ್ಕಿಂತ ಕಂಡದ್ದೇ ವಾಸಿ ಎಂದು ಮತ್ತೆ ಮೆಟ್ಟಿಲಿಗೆ ಹೋದ.

ಕ್ಲಬ್ಬು ಸೆಮಿಫೈನಲಿಗೆ ಬಂತು. ಅಂದು ವ್ಯಾಪಾರಿಯ ಪಕ್ಕದಲ್ಲಿ ಒಬ್ಬ ಪರವೂರಿನವನು ಕುಳಿತ. ಮುಖದಲ್ಲಿ ನಗು, ಹೆಗಲ ಮೇಲೆ ಟವೆಲು. ಸ್ವಲ್ಪ ಸುಣ್ಣ ಕೊಡಿ ಎಂದು ಕೇಳಿ ಇಸಿದುಕೊಂಡ. ಅವನು ಆಟಕ್ಕಿಂತ ಮೆಟ್ಟಿಲಿನ ಜನರನ್ನೇ ಹೆಚ್ಚು ನೋಡುತ್ತಿದ್ದ. ಆಟಗಾರ ಹಾರಿದಾಗಲೆಲ್ಲ ಸಾಲುಸಾಲಾಗಿ ಮಂಡಿ ಹಿಡಿದವರನ್ನು ನೋಡಿ ತಲೆದೂಗುತ್ತಿದ್ದ.

"ನಿಮ್ಮೂರ ಜನ ಒಳ್ಳೇವ್ರು" ಎಂದ. "ಅವನ ನೋವು ಎಲ್ಲಿದೆಯೋ ಅಲ್ಲೇ ನಿಮಗೂ ನೋಯುತ್ತೆ."

ವ್ಯಾಪಾರಿಯ ಬಾಯಿ ತುಂಬಿತ್ತು. ಹೂಂ ಎಂದ.

"ನಿಮಗೆ ಅವನ ಪರಿಚಯ ಇರಬೇಕು?"

ಉಹೂಂ.

ಆಟ ಮುಗಿದು ಊರು ಗೆದ್ದಾಗ ಪರವೂರಿನವನು ಕೈ ಮುಗಿದು ಹೊರಟುಹೋದ. ವ್ಯಾಪಾರಿ ಮನೆಯ ದಾರಿ ಹಿಡಿದ. ಹೊರಗಿನವನು ಕೆದಕಿದರೂ ಒಂದಕ್ಷರ ಬಿಡಲಿಲ್ಲವಲ್ಲ ಎಂದು ದಾರಿಯಲ್ಲಿ ತನ್ನನ್ನು ತಾನೇ ಹೊಗಳಿಕೊಂಡ.

ಫೈನಲಿನ ದಿನ ಮೆಟ್ಟಿಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಟಗಾರ ಬಿಳಿ ಪಟ್ಟಿ ಬಿಗಿದುಕೊಂಡು ಮೈದಾನಕ್ಕಿಳಿದ. ಎದುರು ತಂಡದ ಡಿಫೆಂಡರ್ ಒಬ್ಬ ದೈತ್ಯ. ಅವನು ಪಟ್ಟಿಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಬಂದವನೇ ಆಟಗಾರನ ಎಡಕ್ಕೆ ನಿಂತ.

ವ್ಯಾಪಾರಿ ಅಗಿಯುವುದನ್ನು ಮರೆತ. ಕವಳ ಹಾಗೇ ನಿಂತಿತು.

ಆಟಗಾರ ಬಲಕ್ಕೆ ಸರಿದ. ಡಿಫೆಂಡರ್ ಸುತ್ತು ಹಾಕಿ ಬಂದು ಮತ್ತೆ ಎಡಕ್ಕೇ ನಿಂತ. ಹಾರಿದರೆ ಎಡ ಹೆಗಲಿಗೆ ಒತ್ತುತ್ತಿದ್ದ, ಇಳಿಯುವಾಗ ಎಡಗಾಲೇ ಮೊದಲು ನೆಲ ಮುಟ್ಟಬೇಕು, ಹಾಗೆ. ತಪ್ಪೇನಲ್ಲ. ರೆಫರಿ ಸೀಟಿ ಊದುವಂಥದ್ದಲ್ಲ. ಆಟಗಾರನ ಮುಖದ ಬಣ್ಣ ಇಳಿದದ್ದು ಮೇಲಿನ ಮೆಟ್ಟಿಲಿಗೂ ಕಾಣುತ್ತಿತ್ತು. ಅವನು ಈಗ ನಟಿಸುತ್ತಿರಲಿಲ್ಲ. 'ಸಾಕು, ಹೊರಗೆ ಬಾ' ಎಂದು ಕೂಗಬೇಕು ಎನ್ನಿಸಿತು ವ್ಯಾಪಾರಿಗೆ. ಕೂಗಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಕೂಗಲಿಲ್ಲ.

ದೂರದಿಂದ ಒಂದು ಚೆಂಡು ಎತ್ತರಕ್ಕೆ ಬಂತು. ಆಟಗಾರ ಹಾರಿದ. ಊರೇ ಉಸಿರು ಬಿಗಿಹಿಡಿಯಿತು. ಇಬ್ಬರೂ ಒಟ್ಟಿಗೆ ಕೆಳಗೆ ಬಂದರು, ಡಿಫೆಂಡರನ ಭಾರವೆಲ್ಲ ಎಡಗಾಲಿನ ಮೇಲೆ. ಒಣ ಕಟ್ಟಿಗೆ ಮುರಿದಂಥ ಒಂದು ಸದ್ದು.

ಆಟಗಾರ ಕೂಗಲಿಲ್ಲ. ನೆಲದ ಮೇಲೆ ಬಿದ್ದುಕೊಂಡು ಕತ್ತು ಹೊರಳಿಸಿ ಮೆಟ್ಟಿಲಿನ ಕಡೆ ನೋಡಿದ. ಅಷ್ಟು ಜನರ ನಡುವೆ ಬೂಟಿನ ವ್ಯಾಪಾರಿಯನ್ನೇ ಹುಡುಕಿ ನೋಡಿದ.

ವ್ಯಾಪಾರಿ ಬಾಯಲ್ಲಿದ್ದದ್ದನ್ನು ಉಗಿದ. 'ನಾನು ಹೇಳಲಿಲ್ಲ, ದೇವರಾಣೆ ಹೇಳಲಿಲ್ಲ' ಎಂದು ಅರಚಲು ಎದ್ದು ನಿಲ್ಲಬೇಕೆಂದುಕೊಂಡ. ಎದುರು ತಂಡದ ಬೆಂಚಿನ ಹತ್ತಿರ ಸುಣ್ಣ ಕೇಳಿದ ಮನುಷ್ಯ ಟವೆಲು ಹೊದ್ದು ನಿಂತಿದ್ದ. ಅವನು ನಗುತ್ತಿರಲಿಲ್ಲ. ಇವನನ್ನು ನೋಡಿ ಅವನು ಮೆಲ್ಲಗೆ ತನ್ನ ಮಂಡಿಯನ್ನು ತಟ್ಟಿ ತೋರಿಸಿದ.

ವ್ಯಾಪಾರಿ ತನ್ನ ಸಾಲನ್ನು ನೋಡಿದ. ಹೋಟೆಲಿನವನ ಕೈ ಬಲ ಮಂಡಿಯ ಮೇಲೆ. ಮೇಷ್ಟ್ರ ಕೈ ಬಲ ಮಂಡಿಯ ಮೇಲೆ. ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ಕೈಗಳೂ ಬಲ ಮಂಡಿಯ ಮೇಲೆ. ಆಮೇಲೆ ತನ್ನ ಕೈಯನ್ನು ನೋಡಿಕೊಂಡ. ಅದು ಎಡ ಮಂಡಿಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತು.

ಸೀಸನ್ ಪೂರ್ತಿ ಅದು ಅಲ್ಲೇ ಇತ್ತು.

ಆಟಗಾರನನ್ನು ಹೊತ್ತುಕೊಂಡು ಹೋದರು. ಮತ್ತೆ ಅವನು ಊರುಗೋಲಿಲ್ಲದೆ ನಡೆಯಲಿಲ್ಲ. ಬೂಟಿನಂಗಡಿಯ ಬೆಂಚಿನ ಮೇಲೆ ಚರ್ಚೆ ಮುಂದುವರಿಯಿತು. "ಬಲದ್ದು ಸರಿಯಾಗೇ ಇತ್ತಲ್ರಪ್ಪಾ, ಎಡದ್ದು ಹೋಯ್ತಲ್ಲ! ಗ್ರಹಚಾರ ಅಂದ್ರೆ ಇದೇ" ಎಂದ ಹೋಟೆಲಿನವನು. ಅಂಗಡಿಯವನು ಅರವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದ. ಈಗ ಅವನ ಬಾಯಲ್ಲಿ ಏನೂ ಇರಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಹೇಳಿದ: "ಪಾಪ, ಅವನು ಯಾರಿಗೂ ಹೇಳಿರಲಿಲ್ಲವಲ್ಲ ಗುರುಗಳೇ!"

"ಇಲ್ಲ. ನಿನ್ನಷ್ಟೇ ನಿಯತ್ತಿನವನು."

ಬೀದಿಯ ತಿರುವಿನಲ್ಲಿ ಧೂಳೆದ್ದಿತು. ಎರಡು ಕೇರಿಯ ಹಿರಿಯರೂ ಬೇರೆಬೇರೆ ಗುಂಪಾಗಿ ಮಠದ ಕಡೆಗೆ ಬರುತ್ತಿದ್ದರು. ಮುಂದೆ ಇದ್ದವರು ಆಗಲೇ ಕಟ್ಟೆಯತ್ತ ಕಣ್ಣು ನೆಟ್ಟಿದ್ದರು. ಗುರು ಶಲ್ಯ ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ಶಿಷ್ಯನ ಕಡೆ ತಿರುಗದೆ, ತುಟಿ ಅಲುಗಿಸದಷ್ಟು ಮೆಲ್ಲಗೆ ಹೇಳಿದರು:

"ಜನ ಬರುತ್ತಿದ್ದಾರೆ, ನನ್ನ ಬೆನ್ನ ಹಿಂದಿರುವ ಕೈ ತೆಗೆ."